ಸೆಕುಂದೀನೊ ಕಟ್ಟಿದ ಲಾರೆಲ್ ಕೊಂಬೆ

ಸೆಕುಂದೀನೊ ವೈನ್ ಮಾಡುತ್ತಾನೆ ಎಂಬುದು ಕಸ್ತ್ರೀನ್ಯೊ ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದನ್ನು ಎರಡನೆಯ ಸಲ ಕುಡಿದವರು ಮಾತ್ರ ಊರಲ್ಲಿ ಯಾರೂ ಇರಲಿಲ್ಲ.

ದೋಷ ಬಳ್ಳಿಯದಲ್ಲ. ಅವನ ಮನೆಯ ಮುಂದಿನ ಅಲ್ಬರೀನ್ಯೊ ದ್ರಾಕ್ಷಿಯ ಚಪ್ಪರ ತಾತನ ಕಾಲದ್ದು. ಆಳೆತ್ತರದ ಕಲ್ಲುಕಂಬಗಳು, ಅವುಗಳ ಮೇಲೆ ತೊಡೆಗಾತ್ರದ ಬಳ್ಳಿ, ಕೆಳಗೆ ಎಲೆಕೋಸಿನ ಸಾಲು, ಕೋಳಿಗಳು, ಒಂದು ಕಲ್ಲಿನ ಮೇಜು. ಗುಡ್ಡ ಇಳಿದರೆ ಸಮುದ್ರ. ಈ ಸಾಲ್ನೇಸ್ ಕಣಿವೆಯ ಅಲ್ಬರೀನ್ಯೊ ವೈನ್ ಅಂದರೆ ಹೀಗಿರಬೇಕು: ಹಸಿ ಸೇಬನ್ನು ಕಚ್ಚಿದಂಥ ಹುಳಿ, ಕೊನೆಯಲ್ಲಿ ನಾಲಿಗೆಯ ಮೇಲೆ ಒಂದಿಷ್ಟು ಉಪ್ಪು. ಅಕ್ಕಪಕ್ಕದ ಮನೆಗಳಲ್ಲೆಲ್ಲ ಹಾಗೇ ಆಗುತ್ತಿತ್ತು. ಸೆಕುಂದೀನೊನ ಮನೆಯಲ್ಲಿ ಮಾತ್ರ ಏನೋ ಒಂದು ಅಡ್ಡ ಬರುತ್ತಿತ್ತು. ಒಂದು ವರ್ಷ ಮೋಡ ಕಂಡು ಹೆದರಿ ಹಣ್ಣಾಗುವ ಮೊದಲೇ ಕೊಯ್ದ. ಮರುವರ್ಷ ಸಿಹಿಯಾಗಲಿ ಅಂತ ಕಾದು ಕೂತ, ಮಂಜಿಗೆ ಬೂಷ್ಟು ಹಿಡಿಯಿತು. ಇನ್ನೊಂದು ವರ್ಷ ಎಲ್ಲವೂ ಸರಿಯಾಗಿತ್ತು, ಪೀಪಾಯಿ ತೊಳೆಯುವುದೊಂದು ಮರೆತಿದ್ದ.

ಈ ವರ್ಷ ಮಾತ್ರ ದೇವರು ಕಣ್ಣು ಬಿಟ್ಟ. ಕೊಯ್ಲಿನ ಹಿಂದಿನ ದಿನ ಸೆಕುಂದೀನೊ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಹೆಂಡತಿ ದೊಸಿಂದಾ ನಾಲ್ಕು ಜನ ಹೆಂಗಸರನ್ನು ಕರೆದು ಕೊಯ್ಸಿದಳು, ಹಿಂಡಿಸಿದಳು, ಪೀಪಾಯಿ ತುಂಬಿಸಿದಳು. ಇವನು ಹಾಸಿಗೆಯಲ್ಲಿ ಮಲಗಿ ಅಪ್ಪಣೆ ಕೊಡುತ್ತಿದ್ದ. ಕಿಟಕಿ ಮುಚ್ಚಿದ್ದರಿಂದ ಅದು ಯಾರ ಕಿವಿಗೂ ಬೀಳಲಿಲ್ಲ. ಜನವರಿಯಲ್ಲಿ ಪೀಪಾಯಿಯ ಬಿರಡೆ ತೆಗೆದಾಗ ನೆಲಮಾಳಿಗೆ ತುಂಬ ಹಣ್ಣಿನ ಘಮ ಹರಡಿತು. ಮಲಗಿದ್ದಲ್ಲಿಂದಲೇ ಇಷ್ಟು ಚೆನ್ನಾಗಿ ಉಸ್ತುವಾರಿ ಮಾಡಿದೆನಲ್ಲ ಎಂದು ಸೆಕುಂದೀನೊನಿಗೆ ತನ್ನ ಮೇಲೆ ತನಗೇ ಗೌರವ ಬಂತು.

ಆದರೆ ದೊಸಿಂದಾಳ ಸಹನೆ ಅಷ್ಟರಲ್ಲಿ ಮುಗಿದಿತ್ತು. ಊರಲ್ಲಿ ಎಷ್ಟೋ ಜನ ದ್ರಾಕ್ಷಿ ಕಿತ್ತು ಕೀವಿ ಹಣ್ಣಿನ ಬಳ್ಳಿ ಹಬ್ಬಿಸಿದ್ದರು. ಅದಕ್ಕೆ ಪೀಪಾಯಿ ಬೇಡ, ಬಿರಡೆ ಬೇಡ, ಗಂಡನ ಉಸ್ತುವಾರಿ ಬೇಡ. ಫೆಬ್ರವರಿಯಲ್ಲಿ ಕಾರ್ನಿವಲ್ ಊಟಕ್ಕೆ ತವರಿಗೆ ಹೋದಾಗ, ಅಣ್ಣ ಒಲೆಗಾರಿಯೊನ ಎದುರಿಗೇ ಅವಳು ಗಂಡನಿಗೆ ತೀರ್ಮಾನ ಹೇಳಿಬಿಟ್ಟಳು.

"ಈಸ್ಟರ್ ಹಬ್ಬಕ್ಕೆ ಅಣ್ಣ ನಮ್ಮನೆಗೆ ಬರ್ತಾನೆ. ವೈನ್ ಕುಡಿದು ನೋಡ್ತಾನೆ. ಚೆನ್ನಾಗಿದ್ರೆ ನಿನ್ನ ಬಳ್ಳಿ ನಿನಗಿರಲಿ. ಇಲ್ಲಾಂದ್ರೆ ಮರುದಿನವೇ ಗರಗಸ. ನಾನು ಕೀವಿ ಹಾಕ್ತೀನಿ."

ಒಲೆಗಾರಿಯೊ ಕೊಂದಾದೊ ಸೀಮೆಯವನು. ಅಲ್ಲೂ ಇದೇ ಅಲ್ಬರೀನ್ಯೊ ಬೆಳೆಯುತ್ತದೆ. ಆದರೆ ಸಮುದ್ರ ದೂರ, ಮೀನ್ಯೊ ನದಿಯ ದಂಡೆ, ಸುಡು ಬಿಸಿಲು. ಅಲ್ಲಿಯ ವೈನ್ ದುಂಡಗೆ, ಮೆತ್ತಗೆ, ಪೀಚ್ ಹಣ್ಣಿನ ಹಾಗೆ. ಒಲೆಗಾರಿಯೊನೂ ಹಾಗೇ ಇದ್ದ, ನಾಲಿಗೆಯೊಂದನ್ನು ಬಿಟ್ಟು.

"ಅಲ್ಲಮ್ಮಾ, ಸಾಲ್ನೇಸ್ ವೈನ್ ಕುಡಿದು ತೀರ್ಪು ಕೊಡು ಅಂತೀಯಲ್ಲ, ನನ್ನ ಹಲ್ಲಿನ ಗತಿ ಏನು?" ಎಂದು ಅವನು ನಕ್ಕ.

"ಕೊಂದಾದೊದಲ್ಲಿ ನೀವು ಕುಡಿಯೋದು ವೈನ್ ಅಂತ ಯಾರು ಹೇಳಿದ್ರು ಭಾವ? ಅದು ಕೆಮ್ಮಿನ ಔಷಧಿ," ಎಂದ ಸೆಕುಂದೀನೊ.

ಒಲೆಗಾರಿಯೊನ ಕಿವಿ ಕೆಂಪಾಯಿತು. "ಹಾಗಾದ್ರೆ ಕೇಳು. ನಾನೊಬ್ನೇ ಹೇಳಿದ್ರೆ ಭಾವ ಮೋಸ ಮಾಡ್ದ ಅಂತೀಯ. ವೈನ್ ಬಲ್ಲ ನಾಲ್ಕು ಜನ ನನಗೆ ಗೊತ್ತು. ಹಬ್ಬಕ್ಕೆ ಮುಂಚೆ ಅವರನ್ನ ಕಳಿಸ್ತೀನಿ. ಯಾರು, ಯಾವತ್ತು ಅಂತ ಹೇಳಲ್ಲ. ಗೊತ್ತಾಯ್ತಾ?"

ಹೀಗೆಂದು ಅವನು ಹಂದಿಯ ಕಿವಿಯ ಇನ್ನೊಂದು ತುಂಡು ತಟ್ಟೆಗೆ ಹಾಕಿಕೊಂಡ. ಅದನ್ನು ಅಗಿದು ನುಂಗುವಷ್ಟರಲ್ಲಿ ಆಡಿದ ಮಾತನ್ನು ಮರೆತೂಬಿಟ್ಟ. ಸೆಕುಂದೀನೊ ಮರೆಯಲಿಲ್ಲ. ಅವನಿಗೆ ಅಂದಿನಿಂದ ನಿದ್ದೆ ಹತ್ತಲಿಲ್ಲ.

ಈಗ ಎದುರು ಮನೆಯ ಪೆರ್ಫೆಕ್ತಾಳ ವಿಚಾರ ಹೇಳಬೇಕು. ಪೆರ್ಫೆಕ್ತಾ ವಿಧವೆ, ಗಟ್ಟಿ ಹೆಂಗಸು, ದೊಸಿಂದಾಳಿಗೆ ಮೂವತ್ತು ವರ್ಷದ ವೈರಿ. ವೈರಕ್ಕೆ ಕಾರಣ ಒಂದು ಕೋಳಿ. ಕೋಳಿ ಸತ್ತು ಎಷ್ಟೋ ಕಾಲವಾಗಿತ್ತು, ವೈರ ದಷ್ಟಪುಷ್ಟವಾಗಿತ್ತು. ಅವಳು ವರ್ಷದಲ್ಲಿ ಮೂರು ತಿಂಗಳು ತನ್ನ ಮನೆಯಂಗಳದಲ್ಲೇ ಸ್ವಂತ ಬಳ್ಳಿಯ ವೈನಿನಲ್ಲಿ ಮನೆಗೆ ಮಿಕ್ಕದ್ದನ್ನು ಮಾರುತ್ತಿದ್ದಳು. ಫುರಾಂಚೊ ಅಂದರೆ ಅದೇ. ಬೋರ್ಡು ಗೀರ್ಡು ಇರುವುದಿಲ್ಲ. ಊರಾಡಳಿತದ ಪರವಾನಗಿ ಪಡೆದು ಗೇಟಿನ ಮೇಲೆ ಒಂದು ಲಾರೆಲ್ ಕೊಂಬೆ, ಸಾರಿಗೆ ಹಾಕುವ ಘಮದ ಎಲೆಯದು, ಕಟ್ಟಿದರೆ ಸಾಕು. ಕೊಂಬೆ ಕಂಡವರು ಕೇಳದೆ ಕೇಳಿಸದೆ ಒಳಗೆ ಬಂದು ಕೂರುತ್ತಾರೆ.

ಇದೇ ಲಾರೆಲ್ ಕೊಂಬೆಯನ್ನು ಈಸ್ಟರಿಗೆ ಒಂದು ವಾರ ಮೊದಲು, ಗರಿಗಳ ಭಾನುವಾರ, ಚರ್ಚಿಗೂ ಒಯ್ಯುತ್ತಾರೆ. ಪಾದ್ರಿಗಳು ಮಂತ್ರಿಸಿಕೊಡುತ್ತಾರೆ, ಸಿಡಿಲು ಗಿಡಿಲು ಬಡಿಯದಿರಲಿ ಎಂದು ಜನ ಮನೆಯಲ್ಲಿಡುತ್ತಾರೆ. ಪ್ರತಿ ವರ್ಷ ಎಲ್ಲರಿಗಿಂತ ದೊಡ್ಡ ಕೊಂಬೆ ಪೆರ್ಫೆಕ್ತಾಳದೇ ಇರುತ್ತಿತ್ತು. ಈ ವರ್ಷ ದೇವರ ಸಹಾಯ ಹೆಚ್ಚು ಬೇಕಾಗಿದ್ದ ಸೆಕುಂದೀನೊ ಕೊಂಬೆಯ ಗೊಡವೆಗೇ ಹೋಗದೆ ಮರದ ಅರ್ಧ ಭಾಗವನ್ನೇ ಕಡಿದು ಹೊತ್ತು ತಂದ. ಅವನ ಹಿಂದಿನ ಮೂರು ಸಾಲಿನವರಿಗೆ ಪೀಠ ಕಾಣಲಿಲ್ಲ. ಪಾದ್ರಿ ದೋನ್ ರಮೀರೊ ತೀರ್ಥ ಚಿಮುಕಿಸಿ ಚಿಮುಕಿಸಿ ಕೈ ನೋಯಿಸಿಕೊಂಡರು. "ಇದೇನಯ್ಯಾ, ಕಾಡೇ ಎದ್ದು ಬಂದಿದೆ!" ಎಂದು ಯಾರೋ ಅಂದದ್ದನ್ನು ಸೆಕುಂದೀನೊ ಹೊಗಳಿಕೆಯೆಂದು ತಿಳಿದ.

ಕೊಂಬೆ ಮನೆ ಬಾಗಿಲಲ್ಲಿ ಹಿಡಿಸಲಿಲ್ಲ. ಮಂತ್ರಿಸಿದ್ದನ್ನು ಕತ್ತರಿಸುವಂತಿಲ್ಲ, ನೆಲದ ಮೇಲಿಡುವಂತಿಲ್ಲ. ತುಂಬ ಯೋಚನೆ ಮಾಡಿ ಅವನು ರಾತ್ರಿ ಅದನ್ನು ರಸ್ತೆಗೆ ಕಾಣುವಂತೆ ಗೇಟಿನ ನೆತ್ತಿಯ ಮೇಲೆ ತಂತಿ ಬಿಗಿದು ಕಟ್ಟಿದ. ಪೆರ್ಫೆಕ್ತಾಳ ಗೇಟಿನ ಕೊಂಬೆ ವ್ಯಾಪಾರದ್ದು, ತನ್ನದು ದೇವರದ್ದು. ಎರಡಕ್ಕೂ ಭೂಮಿ ಆಕಾಶದ ಅಂತರ. ಆ ಅಂತರ ರಸ್ತೆಯಲ್ಲಿ ಕಾರು ಓಡಿಸುವವರ ಕಣ್ಣಿಗೆ ಬೀಳುತ್ತದೆಯೇ ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವ ಜಾತಿಯವನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸೋಮವಾರ ಬೆಳಕು ಹರಿಯುವ ಮೊದಲೇ ದೊಸಿಂದಾ ಬಸ್ಸು ಹತ್ತಿ ಅಣ್ಣನ ಮನೆಗೆ ಹೋದಳು. ಅತ್ತಿಗೆಗೆ ಸೊಂಟ ಹಿಡಿದಿತ್ತು, ಹಬ್ಬದ ಕೆಲಸಕ್ಕೆ ಜನ ಬೇಕಿತ್ತು. "ಭಾನುವಾರ ಅಣ್ಣನ ಜೊತೆ ಬರ್ತೀನಿ. ಪೀಪಾಯಿ ಮುಟ್ಟಬೇಡ. ಕೋಳಿಗೆ ಕಾಳು ಹಾಕು. ನೀನು ಏನೂ ಮಾಡದಿದ್ರೆ ಎಲ್ಲ ಸರಿಹೋಗುತ್ತೆ," ಎಂದು ಹೇಳಿಯೇ ಹೋದಳು.

ಮಧ್ಯಾಹ್ನ ಗೇಟಿನ ಮುಂದೆ ಒಂದು ಕಾರು ನಿಂತಿತು. ಬೋಳುತಲೆಯವನೊಬ್ಬ, ಕಪ್ಪು ಕನ್ನಡಕದ ಹೆಂಗಸೊಬ್ಬಳು ಇಳಿದರು. ಬೋಳುತಲೆಯವನು ಕೊಂಬೆಯನ್ನು ನೋಡಿದ, ಚಪ್ಪರವನ್ನು ನೋಡಿದ.

"ವೈನ್ ಇದೆಯಾ ಯಜಮಾನ್ರೇ?"

ಸೆಕುಂದೀನೊ ಕೈಲಿದ್ದ ಕೋಳಿ ಕಾಳಿನ ಬುಟ್ಟಿ ಕೆಳಗಿಟ್ಟ. ಬಂದರು! ಭಾವ ಕಳಿಸಿದವರು ಬಂದರು!

"ಇದೆ ಇದೆ, ಬನ್ನಿ, ಕೂತ್ಕೊಳ್ಳಿ. ಎಲ್ಲಿಂದ ಬಂದ್ರಿ?"

"ವೀಗೊ ಕಡೆಯಿಂದ."

ಭಾವನ ಊರಿನ ದಾರಿಯೂ ಅದೇ. ಇನ್ನೇನು ಅನುಮಾನ? "ಯಾರು ಕಳಿಸಿದ್ರು ಅಂತ ಕೇಳಬಹುದಾ?" ಎಂದು ಮೆಲ್ಲಗೆ ಕೆದಕಿದ.

"ಯಾರೂ ಕಳಿಸಿಲ್ಲಪ್ಪ, ಹಾಗೇ ಬಂದ್ವಿ."

ಹೇಳಬಾರದೆಂದು ಕಟ್ಟಪ್ಪಣೆಯಾಗಿದೆ, ಎಂದುಕೊಂಡ ಸೆಕುಂದೀನೊ. ಪೀಪಾಯಿಯಿಂದ ಹೂಜಿ ತುಂಬಿಸಿ ತಂದು ಎರಡು ಬಿಳಿ ಪಿಂಗಾಣಿ ಬಟ್ಟಲಿಗೆ ಸುರಿದ. ಬೋಳುತಲೆಯವನು ಕುಡಿದ. ಸೆಕುಂದೀನೊ ಅವನ ಗಂಟಲನ್ನೇ ನೋಡುತ್ತಿದ್ದ.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಹೇಗೆ? ಬಿಡಿಸಿ ಹೇಳಿ ಸ್ವಾಮೀ."

"ತಣ್ಣಗಿದೆ."

"ಅದು ನೆಲಮಾಳಿಗೆ ಗುಣ. ವೈನ್ ಗುಣ ಹೇಳಿ."

"ಸ್ವಲ್ಪ ಹುಳಿ ಇದೆ."

"ಎಂಥ ಹುಳಿ? ನಿಂಬೆ ಹುಳಿನಾ, ಹಸಿ ಸೇಬಿನ ಹುಳಿನಾ?"

ಬೋಳುತಲೆಯವನು ಗಾಬರಿಯಿಂದ ಹೆಂಡತಿಯ ಮುಖ ನೋಡಿದ. ಅವಳು ಕನ್ನಡಕ ತೆಗೆದು, "ಸೇಬು?" ಎಂದಳು, ಪರೀಕ್ಷೆಗೆ ಕೂತವಳ ಹಾಗೆ.

"ಭೇಷ್! ಕೊನೇಲಿ ಉಪ್ಪು ಬಂತಾ?"

"ಬರಬೇಕಾ?"

"ಬರದೆ ಇರುತ್ತಾ? ಸಮುದ್ರ ಅಗೋ ಅಲ್ಲಿದೆ. ಕೊಂದಾದೊ ವೈನಲ್ಲಿ ತಲೆಕೆಳಗಾಗಿ ನಿಂತ್ರೂ ಬರಲ್ಲ. ಇನ್ನೊಂದು ಬಟ್ಟಲು ಕುಡೀರಿ, ಬರುತ್ತೆ."

ಮೂರನೆಯ ಬಟ್ಟಲಿಗೆ ಇಬ್ಬರಿಗೂ ಉಪ್ಪು ಬಂತು. ತಿನ್ನಲು ಏನಾದರೂ ಇದೆಯೇ ಎಂದು ಕೇಳಿದರು. ದೊಸಿಂದಾ ವಾರಕ್ಕೆಂದು ಮಾಡಿಟ್ಟು ಹೋಗಿದ್ದ ಆಲೂಗಡ್ಡೆ ಮೊಟ್ಟೆಯ ದೋಸೆ, ತೂಗುಹಾಕಿದ್ದ ಹಂದಿಮಾಂಸದ ಚೊರೀಸೊ ಎರಡೂ ಮೇಜಿಗೆ ಬಂದವು. ಎದ್ದು ಹೊರಡುವಾಗ ಬೋಳುತಲೆಯವನು ಜೇಬಿಗೆ ಕೈ ಹಾಕಿದ.

"ಎಷ್ಟಾಯ್ತು?"

ಸೆಕುಂದೀನೊ ಎರಡು ಹೆಜ್ಜೆ ಹಿಂದೆ ಸರಿದ. ತೀರ್ಪು ಕೊಡುವವರ ಕೈಯಿಂದ ತಾನು ದುಡ್ಡು ಮುಟ್ಟುತ್ತಾನೋ ಇಲ್ಲವೋ ಎಂದು ಭಾವ ಪರೀಕ್ಷೆ ಮಾಡಿಸುತ್ತಿದ್ದಾನೆ! "ನಾನು ಅಂಥ ಮನುಷ್ಯ ಅಲ್ಲ. ನೀವು ನಿಮ್ಮ ಮನಸ್ಸಲ್ಲಿ ಏನಿದೆಯೋ ಅದನ್ನ ಹೇಳಬೇಕಾದವರಿಗೆ ಹೇಳಿ, ಅಷ್ಟು ಸಾಕು," ಎಂದು ಕೈ ಮುಗಿದ.

ಅವರು ಹೇಳಿದರು. ಹೇಳಬೇಕಾದವರಿಗೂ ಹೇಳಿದರು, ಬೇಡವಾದವರಿಗೂ ಹೇಳಿದರು. ಕಸ್ತ್ರೀನ್ಯೊದಲ್ಲಿ ಒಬ್ಬ ಮುದುಕನಿದ್ದಾನೆ, ಸ್ವಲ್ಪ ತಲೆ ಕೆಟ್ಟಿದೆ, ವೈನ್ ಪುಕ್ಕಟೆ ಕೊಡುತ್ತಾನೆ, ಸೇಬು ಅಂತ ಹೇಳಿದರೆ ಚೊರೀಸೊನೂ ಕೊಡುತ್ತಾನೆ ಎಂಬ ಸುದ್ದಿ ಪವಿತ್ರ ವಾರದ ರಜೆಗೆ ಊರೂರು ಸುತ್ತುತ್ತಿದ್ದವರ ಫೋನುಗಳಲ್ಲಿ ಸಂಜೆಯೊಳಗೆ ಹರಿದಾಡಿತು.

ಮಂಗಳವಾರ ಎರಡು ಕಾರು ಬಂದವು. ಬುಧವಾರ ಎಂಟು. ಬಂದವರೆಲ್ಲ ಮೇಜಿಗೆ ಕೂರುವ ಮೊದಲೇ "ಸೇಬು! ಸೇಬು! ಉಪ್ಪು!" ಎನ್ನುತ್ತಿದ್ದರು. ನಾಲ್ಕು ಜನ ಎಂದಿದ್ದ ಭಾವ ಇಷ್ಟೊಂದು ಜನರನ್ನು ಕಳಿಸುತ್ತಾನೆಯೇ ಎಂಬ ಅನುಮಾನ ಸೆಕುಂದೀನೊನಿಗೂ ಒಮ್ಮೆ ಬಂತು. ಆದರೆ ಕೆಮ್ಮಿನ ಔಷಧಿ ಎಂದದ್ದು ನೆನಪಾಗಿ, ಒಲೆಗಾರಿಯೊನ ಹಟಕ್ಕೆ ನಲವತ್ತೂ ಕಡಿಮೆಯೇ ಎಂದುಕೊಂಡ. ಕಟ್ಟಿಗೆ ದಿಮ್ಮಿ ಉರುಳಿಸಿ ಆಸನ ಮಾಡಿದ, ಅಡಿಗೆಮನೆಯ ಬಾಗಿಲು ಕಿತ್ತು ಮೇಜು ಮಾಡಿದ. ಒರೆನ್ಸೆ ಕಡೆಯಿಂದ ಒಂದು ಬಸ್ಸಿನ ತುಂಬ ಚರ್ಚ್ ಹಾಡುಗಾರ್ತಿಯರು ಬಂದಿಳಿದಾಗಲಂತೂ ಬಟ್ಟಲು ಸಾಲದೆ ಸಾರಿನ ಬೋಗುಣಿಗಳನ್ನೂ ಹೊರಗೆ ತಂದ. ಅವರಲ್ಲಿ ಒಬ್ಬ ಅಜ್ಜಿ ಬಟ್ಟಲು ಮುಟ್ಟದೆ ಗಂಭೀರವಾಗಿ ಕೂತಿದ್ದಳು. ಇವಳೇ ಮುಖ್ಯ ತೀರ್ಪುಗಾರ್ತಿ ಎಂದು ಸೆಕುಂದೀನೊ ಹೂಜಿ ಹಿಡಿದು ಅವಳ ಹಿಂದೆ ಕೋಸಿನ ಸಾಲುಗಳ ತುಂಬ ಓಡಾಡಿದ. "ಬೇಡಪ್ಪ, ರಕ್ತದೊತ್ತಡದ ಮಾತ್ರೆ ತಗೋತೀನಿ," ಎಂದು ಅಜ್ಜಿ ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಅಜ್ಜಿ ಕಾಟ ತಾಳಲಾರದೆ ಒಂದು ಗುಟುಕು ಕುಡಿದು, ಚಪ್ಪಾಳೆ ತಟ್ಟಿ, ಹಾಡಲು ಶುರುಮಾಡಿದಳು.

ರಾತ್ರಿ ದೊಸಿಂದಾಳ ಫೋನ್ ಬಂತು. "ಕೋಳಿಗೆ ಕಾಳು ಹಾಕಿದ್ಯಾ?"

"ಹಾಕಿದೆ. ಅಲ್ಲಿ ಭಾವ ಏನಾದ್ರೂ ಅಂದನಾ?"

"ಅವನೇನ್ ಅಂತಾನೆ? ತಿಂತಾನೆ, ಮಲಗ್ತಾನೆ."

"ಮುಖದಲ್ಲಿ ಏನಾದ್ರೂ ಕಾಣುತ್ತಾ? ಸೋತವರ ಕಳೆ?"

"ನಿನಗೇನಾಗಿದೆ ಸೆಕುಂದೀನೊ? ಬಿಸಿಲಲ್ಲಿ ಓಡಾಡಿದ್ಯಾ?"

ಭಾವ ಗುಟ್ಟು ಬಿಡುತ್ತಿಲ್ಲ, ಕಳ್ಳ, ಎಂದುಕೊಂಡು ಸೆಕುಂದೀನೊ ಫೋನಿಟ್ಟ. ಹೊರಗೆ ಬಂದು ಮುಖ್ಯ ಬಳ್ಳಿಯ ಕಾಂಡದ ಮೇಲೆ ಕೈಯಿಟ್ಟ. ಅಪ್ಪ ತೀರಿಹೋದ ದಿನ ಅವನು ಇದರ ಕೆಳಗೇ ಕೂತಿದ್ದ. "ಹೆದರಬೇಡ, ಗೆಲ್ತೀವಿ," ಎಂದ. ಈ ವಾರದಲ್ಲಿ ಅವನು ನಿಜಕ್ಕೂ ಸಂತೋಷವಾಗಿದ್ದದ್ದು ಆ ಒಂದು ಗಳಿಗೆ.

ಗುರುವಾರ ಪೆರ್ಫೆಕ್ತಾ ರಸ್ತೆ ದಾಟಿ ಬಂದಳು. ಅವಳ ಅಂಗಳದಲ್ಲಿ ಮೂರು ದಿನದಿಂದ ನೊಣ ಬಿಟ್ಟರೆ ಇನ್ನೊಂದು ಪ್ರಾಣಿ ಕೂತಿರಲಿಲ್ಲ.

"ಏನೋ ಸೆಕುಂದೀನೊ, ಮಾನ ಮರ್ಯಾದೆ ಇದೆಯೇನೋ ನಿನಗೆ? ನನ್ನ ಕಣ್ಣೆದುರಿಗೇ!"

"ನಾನೇನು ಮಾಡಿದೆ?"

"ಪಾದ್ರಿಗಳು ಮಂತ್ರಿಸಿದ ಕೊಂಬೆ ತೂಗಾಕಿ, ಪವಿತ್ರ ವಾರದಲ್ಲಿ!"

"ಓಹೋ, ಕೊಂಬೆ ನಿನ್ನದಕ್ಕಿಂತ ದೊಡ್ಡದಾಯ್ತು ಅಂತ ಹೊಟ್ಟೆಕಿಚ್ಚಾ? ಮುಂದಿನ ವರ್ಷ ನೀನೂ ಮರ ಕಡಿ, ಯಾರು ಬೇಡ ಅಂದ್ರು?"

"ಅಯ್ಯಯ್ಯೋ, ನಾಲಿಗೆ ನೋಡು! ಪುಕ್ಕಟೆ ಬೇರೆ ಕೊಡ್ತಿದ್ದೀಯಂತೆ! ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಿನ್ನ ಹೆಂಡ್ತಿ ಹೇಳಿಕೊಟ್ಟು ಹೋದಳಾ?"

"ಇಂಥವರ ಹತ್ರ ದುಡ್ಡು ತಗೊಳೋಕಾಗುತ್ತಾ ಪೆರ್ಫೆಕ್ತಾ?"

"ಎಂಥವರು ಇವರು? ರಾಜನ ಮಕ್ಕಳಾ?"

"ಅದು ನಾನು ಬಾಯಿ ಬಿಡೋ ಹಾಗಿಲ್ಲ," ಎಂದು ಸೆಕುಂದೀನೊ ತುಟಿಯ ಮೇಲೆ ಬೆರಳಿಟ್ಟ. ಪೆರ್ಫೆಕ್ತಾ ಅವನನ್ನು ಮೇಲಿಂದ ಕೆಳಗೆ ನೋಡಿ, ಸೆರಗಿನಂತೆ ಮೇಲುಡುಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಟ್ಟಗೆ ಊರಾಡಳಿತದ ಕಚೇರಿಗೆ ನಡೆದಳು.

ಕಚೇರಿಗೆ ರಜೆ. ಆದರೆ ಶನಿವಾರ ಮಧ್ಯಾಹ್ನ ಪೊಲೀಸ್ ಎಲಾದಿಯೊ ಬಂದ. ಸಮವಸ್ತ್ರದಲ್ಲಿದ್ದ. ಚಪ್ಪರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಕೋಳಿಗಳು ಮಾಡಿನ ಮೇಲೆ ಹತ್ತಿ ಕೂತಿದ್ದವು. ಭಾವ ಸರಕಾರವನ್ನೂ ಬಿಟ್ಟಿಲ್ಲ ಎಂದು ಸೆಕುಂದೀನೊನಿಗೆ ಭಯಭಕ್ತಿ ಎರಡೂ ಉಕ್ಕಿದವು.

"ನೀವು ಬಂದ ವಿಷಯ ನನಗೆ ಗೊತ್ತು ಸ್ವಾಮೀ," ಎಂದು ಕಣ್ಣು ಮಿಟುಕಿಸಿದ.

"ಗೊತ್ತಿದ್ರೆ ಒಳ್ಳೇದೇ ಆಯ್ತು. ಈ ವೈನ್ ನಿಮ್ಮ ಬಳ್ಳಿದೇನಾ?"

"ಪ್ರತಿ ಹನಿಯೂ!"

"ಯಾವತ್ತಿಂದ ಕೊಡ್ತಿದ್ದೀರಿ?"

"ಸೋಮವಾರದಿಂದ. ಒಂದು ದಿನವೂ ಬಿಡುವು ಇಲ್ಲ."

"ಶುಭ ಶುಕ್ರವಾರವೂ?"

"ಬಂದವರನ್ನ ವಾಪಸ್ ಕಳಿಸೋಕಾಗುತ್ತಾ? ನಿನ್ನೆಯೇ ಎಲ್ಲಕ್ಕಿಂತ ಹೆಚ್ಚು!"

ಎಲಾದಿಯೊ ಟೋಪಿ ತೆಗೆದು ತಲೆ ಕೆರೆದುಕೊಂಡ. ಇಪ್ಪತ್ತು ವರ್ಷದ ಸೇವೆಯಲ್ಲಿ ಇಷ್ಟು ಹೆಮ್ಮೆಯಿಂದ ತಪ್ಪೊಪ್ಪಿಕೊಂಡವರನ್ನು ಅವನು ನೋಡಿರಲಿಲ್ಲ.

"ಪರವಾನಗಿ ಯಾರು ಕೊಟ್ರು?"

"ಒಲೆಗಾರಿಯೊ."

"ಯಾವ ಒಲೆಗಾರಿಯೊ? ನಮ್ಮ ಕಚೇರೀಲಿ ಆ ಹೆಸರಿನವರಿಲ್ಲ. ಮೇಲಿನವರಾ?"

"ಮೇಲಿನವರೇ. ಮೀನ್ಯೊ ನದಿ ಮೇಲ್ಗಡೆ. ಸ್ವಾಮೀ, ಇಷ್ಟೆಲ್ಲ ಯಾಕೆ, ನಮ್ಮ ಭಾವ ಕಳಿಸಿದ್ದು ಅಂತ ಒಪ್ಕೊಂಡುಬಿಡಿ. ಕುಡಿದು ನೋಡಿ, ಸೇಬು ಇದೆಯೋ ಇಲ್ಲವೋ ಹೇಳಿ."

"ಅಯ್ಯಾ, ನನ್ನನ್ನ ಯಾವ ಭಾವನೂ ಕಳಿಸಿಲ್ಲ. ಎದುರು ಮನೆಯವರು ದೂರು ಕೊಟ್ಟಿದ್ದಾರೆ. ಪರವಾನಗಿ ಇಲ್ಲದೆ ಫುರಾಂಚೊ ನಡೆಸ್ತಿದ್ದೀರಿ ನೀವು."

"ಫುರಾಂಚೊ? ನಾನಾ?"

ಎಲಾದಿಯೊ ಗೇಟಿನ ಮೇಲಕ್ಕೆ ಬೆರಳು ತೋರಿಸಿದ. ಸೆಕುಂದೀನೊ ನೋಡಿದ. ಆರು ದಿನದಿಂದ ತಲೆಯ ಮೇಲೆ ತೂಗುತ್ತಿದ್ದ ಕೊಂಬೆಯನ್ನು ಅವನು ರಸ್ತೆಯವರ ಕಣ್ಣಿನಿಂದ ನೋಡಿದ್ದು ಆಗಲೇ. ಕೈಯಲ್ಲಿದ್ದ ಹೂಜಿ ಜಾರಿ ಬಿದ್ದು ಒಡೆಯಿತು.

"ಅದು... ಅದು ಮಂತ್ರಿಸಿದ್ದು ಸ್ವಾಮೀ! ಗರಿಗಳ ಭಾನುವಾರದ್ದು!"

"ಯಾರು ಮಂತ್ರಿಸಿದ್ರೂ ಗೇಟಿನ ಮೇಲಿದ್ರೆ ಫುರಾಂಚೊನೇ. ಇಳಿಸಿ."

"ನೆಲಕ್ಕೆ ತಾಗಬಾರದು."

ಎಲಾದಿಯೊ ದೈವಭಕ್ತ. ಟೋಪಿ ಕಂಕುಳಲ್ಲಿಟ್ಟುಕೊಂಡು ತಾನೇ ಒಂದು ತುದಿ ಹಿಡಿದ. ಇಬ್ಬರೂ ಸೇರಿ ಕೊಂಬೆಯನ್ನು ಹೆಣ ಹೊತ್ತವರ ಹಾಗೆ ಹಿತ್ತಲಿಗೆ ಸಾಗಿಸಿದರು. ಎರಡನೆಯ ಸಲ ಬಂದಿದ್ದ ಹಾಡುಗಾರ್ತಿಯರು ಎದ್ದು ನಿಂತು ಒಂದು ಶೋಕಗೀತೆ ಹಾಡಿದರು. ಆಮೇಲೆ ಎಲಾದಿಯೊ ನೆಲಮಾಳಿಗೆಗೆ ಇಳಿದು ಪೀಪಾಯಿ ತಟ್ಟಿದ. ತಳದಲ್ಲಿ ಮಾತ್ರ ಸದ್ದು ದಪ್ಪಗಿತ್ತು. ಮೇಲೆಲ್ಲ ಡೊಳ್ಳಿನ ಹಾಗೆ ಟೊಳ್ಳು. ನಲ್ಲಿಗೆ ದಾರ ಸುತ್ತಿ ಕೆಂಪು ಮುದ್ರೆ ಒತ್ತಿದ. ವಿಚಾರಣೆ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ.

"ನಾಳೆ ಹಬ್ಬ ಸ್ವಾಮೀ. ಒಂದೇ ಒಂದು ಬಟ್ಟಲು ಬೇಕು. ನನ್ನ ಬಳ್ಳಿಯ ಪ್ರಾಣ ಅದರಲ್ಲಿದೆ," ಎಂದು ಸೆಕುಂದೀನೊ ಗೋಗರೆದ.

"ಮುದ್ರೆ ಒಡೆದ್ರೆ ಅದು ಬೇರೆ ಅಪರಾಧ. ಹಬ್ಬದ ಶುಭಾಶಯ," ಎಂದು ಎಲಾದಿಯೊ ಟೋಪಿ ಹಾಕಿಕೊಂಡು ಹೊರಟ.

ಜನ ಚೆದುರತೊಡಗಿದರು. ಸೆಕುಂದೀನೊ ಕೊನೆಯ ಆಸೆಯಿಂದ ಒಬ್ಬ ದಡೂತಿ ಮನುಷ್ಯನ ತೋಳು ಹಿಡಿದ. ನಾಲ್ಕು ದಿನ ಬಿಡದೆ ಬಂದಿದ್ದವನು ಅವನು.

"ನಿಜ ಹೇಳಿ, ವೈನ್ ಹೇಗಿತ್ತು?"

"ವೈನಾ? ಪುಕ್ಕಟೆ ಇತ್ತಲ್ಲ ಯಜಮಾನ್ರೇ!" ಎಂದು ಅವನು ಬೆನ್ನು ತಟ್ಟಿ ಹೋದ.

ಸೆಕುಂದೀನೊ ಕಲ್ಲಿನ ಮೇಜಿನ ಮೇಲೆ ತಲೆಯಿಟ್ಟು ಕೂತ. ಕೋಳಿಗಳು ಒಂದೊಂದಾಗಿ ಕೆಳಗಿಳಿದವು. ಅವುಗಳಿಗೆ ಮೂರು ದಿನದಿಂದ ಯಾರೂ ಕಾಳು ಹಾಕಿರಲಿಲ್ಲ.

ಭಾನುವಾರ ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ಒಲೆಗಾರಿಯೊನ ವ್ಯಾನು ಬಂದು ನಿಂತಿತು. ಮುಂದಿನಿಂದ ದೊಸಿಂದಾ ಹಬ್ಬದ ಸಿಹಿ ರೊಟ್ಟಿ ಹಿಡಿದು ಇಳಿದಳು. ಒಲೆಗಾರಿಯೊ ಹಿಂದಿನ ಬಾಗಿಲು ತೆಗೆದು ಕುಂಡಗಳನ್ನು ಒಂದೊಂದೇ ಇಳಿಸಿದ. ಕೀವಿ ಸಸಿಗಳು. ತೀರ್ಪುಗಾರ ತೀರ್ಪನ್ನು ಮನೆಯಿಂದಲೇ ತಂದಿದ್ದ.

ದೊಸಿಂದಾ ಅಂಗಳ ನೋಡಿದಳು. ದಿಮ್ಮಿಗಳು, ತುಳಿದುಹೋದ ಕೋಸು, ಮೇಜಾಗಿದ್ದ ಅಡಿಗೆಮನೆ ಬಾಗಿಲು, ಗಂಡನ ಮುಖ. "ಏನು ಮಾಡಿದೆ?" ಎಂದಳು.

ಸೆಕುಂದೀನೊ ಎಲ್ಲವನ್ನೂ ಹೇಳಿದ. ನಡುನಡುವೆ ಅತ್ತ. ಕೊನೆಗೆ ಭಾವನ ಕಡೆ ತಿರುಗಿ, "ನೀನೇ ತಾನೇ ಜನ ಕಳಿಸ್ತೀನಿ ಅಂದಿದ್ದು?" ಎಂದ.

"ನಾನಾ? ಯಾವಾಗ? ನನಗೆ ವೈನ್ ಬಲ್ಲವರು ಯಾರು ಗೊತ್ತು? ನಾನು ಬಿಟ್ರೆ ನಾನೇ!" ಎಂದ ಒಲೆಗಾರಿಯೊ.

ದೊಸಿಂದಾ ರೊಟ್ಟಿಯನ್ನು ಮೇಜಿನ ಮೇಲಿಟ್ಟಳು. ಗೂಟಕ್ಕೆ ನೇತುಹಾಕಿದ್ದ ಬಳ್ಳಿ ಸವರುವ ಕತ್ತರಿ ತೆಗೆದುಕೊಂಡು ನೆಲಮಾಳಿಗೆಗೆ ಇಳಿದಳು. ಕಟಕ್ ಎಂದು ಸದ್ದಾಯಿತು. ಸರಕಾರದ ಕೆಂಪು ಮುದ್ರೆ ಮೆಟ್ಟಿಲ ಮೇಲೆ ಹಾರಿ ಬಂದು ಬಿತ್ತು. ಹಿಂದೆಯೇ ಅವಳು ಇನ್ನೊಂದು ಹೂಜಿ ಹಿಡಿದು ಬಂದಳು, ತಳದ ವೈನ್, ಮಡ್ಡಿಯಿಂದ ಕದಡಿದ್ದು.

"ಕುಡಿ ಅಣ್ಣ. ಮಾತು ಅಂದ್ರೆ ಮಾತು."

ಒಲೆಗಾರಿಯೊ ಬಟ್ಟಲು ಎತ್ತಿದ, ಮೂಸಿದ, ಬಾಯಲ್ಲಿ ಗುಳುಗುಳು ಮಾಡಿ ನುಂಗಿದ. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. "ಹುಳಿ. ಉಪ್ಪು. ಸಮುದ್ರ ಕುಡಿದ ಹಾಗಿದೆ. ಗರಗಸ ತನ್ನಿ."

ಸೆಕುಂದೀನೊ ಎದ್ದು ಹೋಗಿ ಬಳ್ಳಿಯನ್ನು ತಬ್ಬಿಕೊಂಡ. ಚಿಗುರು ಆಗತಾನೇ ಒಡೆದಿತ್ತು. ಗಂಡಸು, ಅರುವತ್ತು ದಾಟಿದವನು, ಹಬ್ಬದ ದಿನ ಬಿಕ್ಕಿ ಬಿಕ್ಕಿ ಅತ್ತ. ದೊಸಿಂದಾಳಿಗೂ ನೋಡಲಾಗಲಿಲ್ಲ, ಆದರೆ ಮಾತು ಆಡಿದ್ದಾಗಿತ್ತು. ಗರಗಸ ತರಲು ಕೊಟ್ಟಿಗೆಯತ್ತ ತಿರುಗಿದಳು.

ಆಗ ರಸ್ತೆ ಬದಿಯ ಗೋಡೆಯಾಚೆಯಿಂದ ಪೆರ್ಫೆಕ್ತಾಳ ತಲೆ ಮೇಲೆದ್ದಿತು. ಪೂಜೆಗೆ ಹಾಕಿಕೊಂಡಿದ್ದ ಓಲೆ ಇನ್ನೂ ಕಿವಿಯಲ್ಲೇ ಇತ್ತು.

"ಹಬ್ಬದ ಶುಭಾಶಯ ದೊಸಿಂದಾ! ಕೀವಿ ಹಾಕ್ತೀರಂತೆ? ಒಳ್ಳೇ ಕೆಲಸ. ವೈನ್ ಮಾಡೋಕೆ ಕೈಗುಣ ಬೇಕು, ಎಲ್ಲರಿಗೂ ಎಲ್ಲಿ ಬರುತ್ತೆ? ಹಣ್ಣಾದಾಗ ಹೇಳು, ನನ್ನ ಗಿರಾಕಿಗಳಿಗೆ ಒಂದೊಂದು ತುಂಡು ಕೊಡ್ತೀನಿ."

ದೊಸಿಂದಾ ನಿಂತಳು. ತಿರುಗಿ ಗೋಡೆಯ ಹತ್ತಿರ ಬಂದಳು.

"ಯಾರು ಹೇಳಿದ್ದು ಕೀವಿ ಅಂತ?"

"ಅಲ್ಲಾ, ಸಸಿ ಕಾಣುತ್ತಲ್ಲ..."

"ಅವು ನಿನಗೇ ತಂದದ್ದು. ಇನ್ನು ನಿನಗೆ ಬೇಕಾಗುತ್ತೆ," ಎಂದು ದೊಸಿಂದಾ ಒಂದು ಕುಂಡ ಎತ್ತಿ ಗೋಡೆಯ ಮೇಲಿಟ್ಟಳು. "ನಾಳೆ ಬೆಳಿಗ್ಗೆ ನಾವು ಕಚೇರಿಗೆ ಹೋಗಿ ಪರವಾನಗಿ ತಗೋತೀವಿ. ಆರು ದಿನದಲ್ಲಿ ನಿನ್ನ ಅಂಗಳ ಖಾಲಿ ಮಾಡಿಸಿದ ವೈನ್ ಇದು! ಬರೋ ಡಿಸೆಂಬರಿಗೆ ಈ ಗೇಟಿನ ಮೇಲೆ ಕೊಂಬೆ ಅಲ್ಲ, ಇಡೀ ಮರ ತೂಗಾಕ್ತೀನಿ, ನೋಡ್ತಿರು!"

ಪೆರ್ಫೆಕ್ತಾಳ ತಲೆ ಗೋಡೆಯಾಚೆ ಇಳಿಯಿತು. "ಹಾಗಾದ್ರೆ ನನ್ನ ತೀರ್ಪು?" ಎಂದು ಒಲೆಗಾರಿಯೊ ಕೇಳಿದ. "ನಿನ್ನ ತೀರ್ಪು ಕೊಂದಾದೊದಲ್ಲಿ ಇಟ್ಕೊ. ಕೈ ತೊಳ್ಕೊ, ಊಟಕ್ಕೆ ಬಾ," ಎಂದಳು ತಂಗಿ.

ಸೆಕುಂದೀನೊ ಬಳ್ಳಿಯಿಂದ ಮೆಲ್ಲಗೆ ಕೈ ಬಿಡಿಸಿಕೊಂಡ. ಬಳ್ಳಿ ಉಳಿಯಿತೇ? ಉಳಿಯಿತು. ಕಣ್ಣೊರೆಸಿಕೊಂಡು ಮೇಜಿಗೆ ಬಂದ. ವಾರವಿಡೀ ಕಂಡಕಂಡವರಿಗೆಲ್ಲ ಸುರಿದು ಸುರಿದು ಕೊಟ್ಟವನು ತಾನು ಒಂದು ಗುಟುಕೂ ಕುಡಿದಿರಲಿಲ್ಲ. ಈಗ ಬಟ್ಟಲು ತುಂಬಿಸಿ ತುಟಿಯ ತನಕ ತಂದ. ಸೇಬಿನ ಘಮ ಮೂಗಿಗೆ ಬಡಿಯಿತು.

ದೊಸಿಂದಾ ಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡು ಹೂಜಿಗೆ ವಾಪಸ್ ಸುರಿದಳು.

"ಇದು ಗಿರಾಕಿಗಳಿಗೆ."

"ಕಾನೂನಿದೆ ದೊಸಿಂದಾ!" ಎಂದು ಸೆಕುಂದೀನೊ ಕೂಗಿದ. "ಮನೆಯವರು ಕುಡಿದು ಮಿಕ್ಕದ್ದನ್ನ ಮಾತ್ರ ಮಾರಬೇಕು!"

"ಹೌದು," ಎಂದಳು ದೊಸಿಂದಾ, ಹೂಜಿಯ ಬಾಯಿಗೆ ತಟ್ಟೆ ಮುಚ್ಚುತ್ತ. "ಮನೆಯವರು ಕುಡಿಯದಿದ್ರೆ ಎಲ್ಲವೂ ಮಿಕ್ಕದ್ದೇ."